ಬೆಲೆ ಕೇಳಿದವರ ಪಾಡು

ತಿಂಗಳ ಕೊನೆಯ ವಾರ. ನಗರದ ಒಂದು ದೊಡ್ಡ ದಿನಸಿ ಮಳಿಗೆ. ಹಣ ತೆರುವ ಮೇಜಿನ ಮುಂದೆ ಏಳೆಂಟು ಮಂದಿಯ ಸಾಲು. ಸಾಲಿನ ಮೊದಲಲ್ಲಿ ನಿಂತಿರುವ ಗೃಹಿಣಿಯ ಕೈಯಲ್ಲಿ ಐನೂರು ರೂಪಾಯಿಯ ಒಂದೇ ಒಂದು ನೋಟು. ಆಕೆ ಲೆಕ್ಕ ತಿಳಿಯದವಳಲ್ಲ. ಬೇಳೆ, ಎಣ್ಣೆ, ಸಾಬೂನು, ಮಗುವಿಗೊಂದು ಬಿಸ್ಕತ್ತಿನ ಪೊಟ್ಟಣ—ಒಂದೊಂದನ್ನೂ ಬುಟ್ಟಿಗೆ ಹಾಕಿಕೊಳ್ಳುವಾಗಲೇ ಕಪಾಟಿನ ಮೇಲಿನ ಚೀಟಿಯನ್ನು ಓದಿ, ಮನಸ್ಸಿನಲ್ಲಿಯೇ ಕೂಡಿಸಿಕೊಂಡು, 480 ರೂಪಾಯಿಗೆ ಸರಿಯಾಗಿ ಮುಗಿಸಿದ್ದಾಳೆ. ಆದರೆ ಯಂತ್ರವು ಉಗುಳಿದ ಮೊತ್ತ 522. ಎಣ್ಣೆಯ ಚೀಟಿಯಲ್ಲಿದ್ದುದು ಕಳೆದ ವಾರದ ಬೆಲೆಯಂತೆ. ಅದಕ್ಕೆ 18 ರೂಪಾಯಿ ಹೆಚ್ಚು. ಸಾಬೂನಿನ ರಿಯಾಯಿತಿ ಮೂರು ಕೊಂಡವರಿಗೆ ಮಾತ್ರವಂತೆ, ಅದಕ್ಕೆ 14. ಕೈಚೀಲಕ್ಕೆ ಬೇರೆ 10.

ಆಕೆ ವಾದಿಸಲಿಲ್ಲ. ಹಿಂದೆ ನಿಂತಿದ್ದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ಮುಖವನ್ನು ಬೇರೆಡೆಗೆ ತಿರುಗಿಸಿದರು. ಅವಳು ಬುಟ್ಟಿಯಿಂದ ಬಿಸ್ಕತ್ತಿನ ಪೊಟ್ಟಣವನ್ನು ತೆಗೆದು ಮೇಜಿನ ಅಂಚಿಗೆ ಸರಿಸಿ, “ಇದು ಬೇಡ” ಎಂದಳು. ಅಷ್ಟೇ ನಡೆದದ್ದು. ಪತ್ರಿಕೆಯಲ್ಲಿ ಸುದ್ದಿಯಾಗುವಂಥ ಘಟನೆಯೇನೂ ಅಲ್ಲ. ಆದರೆ ಇಂಥ ಅಥವಾ ಇದಕ್ಕೆ ಹತ್ತಿರವಾದ ಒಂದು ಗಳಿಗೆಯನ್ನು ಅನುಭವಿಸದ ಮಧ್ಯಮ ವರ್ಗದ ಸಂಸಾರ ನಮ್ಮ ಪಟ್ಟಣಗಳಲ್ಲಿ ಇರಲಾರದು.

ಅಂಗಡಿಗಳಲ್ಲಿ ಬೆಲೆಯನ್ನು ಬರೆಯುವ, ಬರೆಯದಿರುವ, ಬರೆದೂ ಮರೆಸುವ ರೀತಿಗಳು ನೂರೆಂಟು. ಅವುಗಳಲ್ಲಿ ಒಂದೊಂದನ್ನೇ ತೆಗೆದು ನೋಡಿದರೆ ಸಣ್ಣ ಕಿರಿಕಿರಿ, ನಕ್ಕು ಬಿಡಬಹುದಾದದ್ದು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ, ಅದರ ಭಾರವೆಲ್ಲ ಯಾರ ಹೆಗಲಿಗೆ ಬೀಳುತ್ತಿದೆ ಎಂಬುದು ತಿಳಿದೀತು.

ಟವಲಿನ ಮರೆಯ ವ್ಯಾಪಾರ

ಬೆಲೆಯನ್ನು ಬಚ್ಚಿಡುವುದು ಇಂದಿನ ಕಾಲದ ಆವಿಷ್ಕಾರವೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ದನಗಳ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಪದ್ಧತಿ ಬಹಳ ಹಳೆಯದು. ಒಂದು ಜೊತೆ ಎತ್ತಿನ ಬೆಲೆ ಕೊಳ್ಳುವವನ ಬೆರಳಿಗೂ ಮಾರುವವನ ಬೆರಳಿಗೂ ಗೊತ್ತು. ಸುತ್ತ ನಿಂತ ನೂರು ಜನರಿಗೆ ಗೊತ್ತಿಲ್ಲ. ಜವಳಿ ವರ್ತಕರಲ್ಲಿ ಇನ್ನೊಂದು ಬಗೆಯುಂಟು. ಸೀರೆಯ ಅಂಚಿಗೆ ಚೀಟಿಯೇನೋ ಇರುತ್ತದೆ. ಅದರ ಮೇಲೆ ಅಂಕಿಗಳ ಬದಲು ಅಕ್ಷರಗಳು. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬುದು ಗಲ್ಲೆಯ ಮೇಲೆ ಕುಳಿತವನಿಗೂ ಅವನ ಗುಮಾಸ್ತನಿಗೂ ಮಾತ್ರ ತಿಳಿದ ಮಂತ್ರ. ಆ ಅಕ್ಷರಗಳಿಂದ ಸೀರೆಯ ಅಸಲು ಬೆಲೆಯನ್ನು ತಿಳಿದುಕೊಂಡು, ಎದುರಿಗೆ ಕುಳಿತವರ ಮುಖವನ್ನು ನೋಡಿ ಮಾರುವ ಬೆಲೆಯನ್ನು ಹೇಳುವುದು ವ್ಯಾಪಾರದ ಚಾತುರ್ಯವೆನಿಸಿತ್ತು.

ಇದರಿಂದ ಚೌಕಾಸಿ ಹುಟ್ಟಿತು. ಚೌಕಾಸಿಯಲ್ಲಿ ಒಂದು ಸೊಗಸು ಇಲ್ಲದಿಲ್ಲ. ಅಜ್ಜಿಯಂದಿರು ಹೂವಿನ ಮಾರಿಗೆ ಹತ್ತು ನಿಮಿಷ ಚೌಕಾಸಿ ಮಾಡಿ, ಹೊರಟುಹೋಗುವವರಂತೆ ನಾಲ್ಕು ಹೆಜ್ಜೆ ಹಾಕಿ, ಹಿಂದಕ್ಕೆ ಕರೆಸಿಕೊಂಡು ಗೆಲ್ಲುತ್ತಿದ್ದರು. ಆದರೆ ಆ ಆಟದಲ್ಲಿ ಗೆಲ್ಲುತ್ತಿದ್ದವರು ಮಾತು ಬಲ್ಲವರು, ಸಮಯವಿದ್ದವರು, ಊರಿನವರು. ಸಂಕೋಚದ ಸ್ವಭಾವದವನು, ಹಳ್ಳಿಯಿಂದ ಮಗಳ ಮದುವೆಗೆ ಜವಳಿ ಕೊಳ್ಳಲು ಬಂದವನು, ಮಾತು ಬಾರದ ಪರಸ್ಥಳದವನು—ಇವರು ಸೋಲುತ್ತಿದ್ದರು. ಆದುದರಿಂದಲೇ “ಒಂದೇ ದರ” ಎಂಬ ಹಲಗೆಯನ್ನು ತೂಗುಹಾಕಿದ ಅಂಗಡಿಗೆ ಒಂದು ಗೌರವವಿತ್ತು. ಶ್ರೀಮಂತನಿಗೂ ಜವಾನನಿಗೂ ಬೆಲೆ ಒಂದೇ ಎಂದು ಆ ಹಲಗೆ ಸಾರುತ್ತಿತ್ತು. ಮುಖ ನೋಡಿ ಮಣೆ ಹಾಕುವ ಕ್ರಮ ಅಲ್ಲಿಗೆ ನಿಂತಿತು ಎಂಬ ಭರವಸೆಯೇ ಅದರ ನಿಜವಾದ ಅರ್ಥ.

ಆಣೆಯಿಂದ ಪೈಸೆಗೆ

ಬೆಲೆಯ ಗೊಂದಲವು ದೇಶಕ್ಕೆ ದೇಶವೇ ಅನುಭವಿಸಿದ ಒಂದು ಸಂದರ್ಭವನ್ನು ಹಿರಿಯರು ನೆನೆಯುವುದುಂಟು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ಹದಿನಾರು ಆಣೆಯ ರೂಪಾಯಿಗೆ ನೂರು ನಯಾಪೈಸೆಗಳಾದವು. ಲೆಕ್ಕವೇನೋ ಸುಲಭವಾಯಿತು, ಆದರೆ ಒಂದಾಣೆಗೆ ಆರೂಕಾಲು ನಯಾಪೈಸೆ. ಆ ಕಾಲು ಪೈಸೆಯನ್ನು ತೆರುವ ನಾಣ್ಯವೇ ಇಲ್ಲ! ಪರಿವರ್ತನೆಯ ಕೋಷ್ಟಕದ ಪ್ರಕಾರ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾಪೈಸೆ. ಮೂರು ಸಲ ಒಂದೊಂದಾಣೆಯ ಸಾಮಾನು ಕೊಂಡವನು 18 ಕೊಟ್ಟರೆ, ಒಂದೇ ಸಲಕ್ಕೆ ಮೂರಾಣೆಯ ಸಾಮಾನು ಕೊಂಡವನು 19 ಕೊಡಬೇಕು. ಅಂಗಡಿಯವನು ಒಂದಾಣೆಯ ವಸ್ತುವಿಗೆ 7 ಎಂದು ಬರೆದುಬಿಟ್ಟರೆ, ಹದಿನಾರು ಸಲ ಕೊಳ್ಳುವಷ್ಟರಲ್ಲಿ ರೂಪಾಯಿಯ ಸಾಮಾನಿಗೆ 112 ಪೈಸೆ ತೆತ್ತಂತಾಯಿತು.

ಮರುವರ್ಷ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು ಹೋಗಿ ಕಿಲೋಗ್ರಾಂ ಬಂದಿತು. ನಾಣ್ಯವೂ ಹೊಸದು, ತೂಕವೂ ಹೊಸದು. ಆದರೂ ಜನ ಕೆಲವೇ ವರ್ಷಗಳಲ್ಲಿ ಹೊಂದಿಕೊಂಡರು. 1964ರ ಜೂನ್ 1ರಿಂದ ‘ನಯಾ’ ಎಂಬ ವಿಶೇಷಣವೇ ಬಿದ್ದುಹೋಯಿತು. ಅದು ಕಷ್ಟದ ಬದಲಾವಣೆಯೇ ಸರಿ. ಆದರೆ ಗೊಂದಲವನ್ನು ಕಳೆಯುವುದಕ್ಕಾಗಿ ಮಾಡಿದ ಬದಲಾವಣೆ. ಇಂದಿನ ಬೆಲೆಚೀಟಿಗಳ ಗೊಂದಲ ಹಾಗಲ್ಲ. ಅದರಲ್ಲಿ ಬಹುಪಾಲು, ಗೊಂದಲವಾಗಲೆಂದೇ ಮಾಡಿದ್ದು.

ತೊಂಬತ್ತೊಂಬತ್ತರ ಮಹಿಮೆ

ನೂರು ರೂಪಾಯಿ ಎನ್ನುವುದಕ್ಕೆ ವರ್ತಕರ ನಾಲಗೆ ಏಕೆ ಅಷ್ಟು ಹಿಂಜರಿಯುತ್ತದೆಯೋ! ಅಂಗಿಗೆ 499, ಪಾದರಕ್ಷೆಗೆ 999, ಬಕೆಟ್ಟಿಗೆ 199. ಕೆಲವು ಕಾಲ ರೂಪಾಯಿಯ ಮುಂದೆ 95 ಪೈಸೆಯ ಬಾಲವೂ ಇತ್ತು. ಮನುಷ್ಯನ ಕಣ್ಣು ಎಡಗಡೆಯಿಂದ ಓದುತ್ತದೆ. ಮೊದಲು ಕಂಡ ನಾಲ್ಕು ಎಂಬ ಅಂಕಿಯೇ ಮನಸ್ಸಿನಲ್ಲಿ ನಿಲ್ಲುತ್ತದೆ. 499 ರೂಪಾಯಿಯ ಅಂಗಿಯನ್ನು ತಂದ ಗಂಡನು ಹೆಂಡತಿಗೆ “ನಾನೂರು ಚಿಲ್ಲರೆ” ಎಂದು ಹೇಳುತ್ತಾನೆ. ಸುಳ್ಳು ಹೇಳಬೇಕೆಂದಲ್ಲ, ಆ ಚೀಟಿಯೇ ಅವನಿಗೆ ಹಾಗೆ ಹೇಳಿಕೊಟ್ಟಿದೆ.

ಇದರಿಂದ ಆಗುವ ಇನ್ನೊಂದು ತೊಡಕೆಂದರೆ ಚಿಲ್ಲರೆಯದು. ಒಂದು ರೂಪಾಯಿಯನ್ನು ಹಿಂದಕ್ಕೆ ಕೊಡಲು ಅಂಗಡಿಯಲ್ಲಿ ನಾಣ್ಯವಿರುವುದಿಲ್ಲ. ಕೇಳಿದರೆ ಜಿಪುಣತನ, ಕೇಳದಿದ್ದರೆ ನಷ್ಟ. ನಡುವೆ ಒಂದು ಪೆಪ್ಪರಮಿಂಟು ಬಂದು ರಾಜಿ ಮಾಡಿಸುತ್ತದೆ. ಸಕ್ಕರೆ ಕಾಯಿಲೆಯ ಮುದುಕರೊಬ್ಬರ ಜೇಬು ತುಂಬ ಪೆಪ್ಪರಮಿಂಟು ತುಂಬಿಸಿ ಕಳುಹಿಸುವ ವ್ಯಾಪಾರ ಇನ್ನಾವ ದೇಶದಲ್ಲಿದ್ದೀತು? ಅದೇ ಪೆಪ್ಪರಮಿಂಟುಗಳನ್ನು ಹತ್ತು ಕೂಡಿಸಿ ಮರುದಿನ ಅದೇ ಅಂಗಡಿಯಲ್ಲಿ ಹಣದ ಬದಲಿಗೆ ಕೊಟ್ಟುನೋಡಿದರೆ ಅದರ ನಿಜವಾದ ಚಲಾವಣೆ ಎಷ್ಟೆಂಬುದು ಗೊತ್ತಾಗುತ್ತದೆ!

25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. 50 ಪೈಸೆ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಬದುಕಿದೆ. ಅಂಗಡಿಗಳ ದೃಷ್ಟಿಯಲ್ಲಿ ಎಂದೋ ಸತ್ತಿದೆ. ಹೀಗಿರುವಾಗ ಒಂದು ವಿಚಿತ್ರ ನಡೆಯಿತು. 2025ರ ಸೆಪ್ಟೆಂಬರ್ 22ರಿಂದ ಅನೇಕ ದಿನಬಳಕೆಯ ವಸ್ತುಗಳ ಮೇಲಣ ಜಿ.ಎಸ್.ಟಿ. ಇಳಿಯಿತು, ಬಿಸ್ಕತ್ತಿನ ತೆರಿಗೆ ಶೇಕಡ 18ರಿಂದ 5ಕ್ಕೆ ಬಂದಿತು. ಐದು ರೂಪಾಯಿಯ ಪೊಟ್ಟಣಕ್ಕೆ ಈ ಲೆಕ್ಕವನ್ನು ಹಾಕಿದರೆ 4 ರೂಪಾಯಿ 45 ಪೈಸೆಯಾಗುತ್ತದೆ. ಪೈಸೆಯ ನಾಣ್ಯಗಳೇ ಕಣ್ಮರೆಯಾದ ಊರಿಗೆ ಪೈಸೆಯ ಬೆಲೆ ಮರಳಿ ಬಂದಿತು! 1957ರ ಕಾಲು ಪೈಸೆಯ ಸಮಸ್ಯೆಯೇ ಹೊಸ ವೇಷ ತೊಟ್ಟು ಬಂದಂತಾಯಿತು. ಒಂದು ಸಮಾಧಾನವುಂಟು. 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯಿಂದ ಈಗ ದೂರವಾಣಿಯ ಮೂಲಕವೇ ಪೈಸೆ ಸಹಿತ ಹಣ ತೆರಬಹುದು. ಆದರೆ ಅದು ಕೈಯಲ್ಲಿ ಅಂಥ ದೂರವಾಣಿಯೂ ಬ್ಯಾಂಕಿನಲ್ಲಿ ಖಾತೆಯೂ ಇದ್ದವರಿಗೆ. ಸೆರಗಿನಲ್ಲಿ ಕಾಸು ಕಟ್ಟಿಕೊಂಡು ಬಂದವರಿಗೆ ಪೆಪ್ಪರಮಿಂಟೇ ಗತಿ.

ಆಷಾಢದ ಔದಾರ್ಯ

ಆಷಾಢ ಮಾಸದಲ್ಲಿ ಮದುವೆಗಳಿಲ್ಲ, ಮದುವೆಗಳಿಲ್ಲವಾದ್ದರಿಂದ ಜವಳಿಗೆ ಗಿರಾಕಿಗಳಿಲ್ಲ, ಗಿರಾಕಿಗಳಿಲ್ಲವಾದ್ದರಿಂದ ರಿಯಾಯಿತಿಯುಂಟು. ಕರ್ನಾಟಕದ ಪಟ್ಟಣಗಳಲ್ಲಿ ಆಷಾಢದ ಮಾರಾಟವೆಂಬುದು ಒಂದು ಹಬ್ಬವೇ ಆಗಿಬಿಟ್ಟಿದೆ. ಅಂಗಡಿಯ ಮುಂದೆ ಆಳೆತ್ತರದ ಬಟ್ಟೆಯ ಮೇಲೆ ‘ಶೇಕಡ 50 ರಿಯಾಯಿತಿ’ ಎಂಬ ಅಕ್ಷರಗಳು ಬೀದಿಯ ಆ ಕೊನೆಗೂ ಕಾಣುತ್ತವೆ. ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದರೆ, 50ರ ಹಿಂದೆ ಅಕ್ಕಿಕಾಳಿನ ಗಾತ್ರದಲ್ಲಿ ‘ವರೆಗೆ’ ಎಂಬ ಇನ್ನೊಂದು ಮಾತು ಇರುತ್ತದೆ. ಅದರ ಪಕ್ಕದಲ್ಲಿ ಒಂದು ನಕ್ಷತ್ರ. ಆಕಾಶದ ನಕ್ಷತ್ರಗಳ ಫಲವನ್ನು ಜೋಯಿಸರು ಹೇಳಿಯಾರು. ಈ ನಕ್ಷತ್ರದ ಫಲ ಅಂಗಡಿಯ ಒಳಗೆ ಹೋದ ಮೇಲೆಯೇ ತಿಳಿಯಬೇಕು. ಅರ್ಧ ಬೆಲೆಗೆ ಇರುವುದು ಮೂಲೆಯ ಒಂದು ರಾಶಿ ಮಾತ್ರ. ಅದರಲ್ಲಿ ಯಾರಿಗೂ ಹಿಡಿಸದ ಬಣ್ಣಗಳು, ಯಾರಿಗೂ ಆಗದ ಅಳತೆಗಳು.

ರಿಯಾಯಿತಿಯ ಲೆಕ್ಕವೂ ಶಾಲೆಯಲ್ಲಿ ಕಲಿತ ಲೆಕ್ಕವಲ್ಲ. ‘ಶೇಕಡ 50, ಅದರ ಮೇಲೆ ಶೇಕಡ 20’ ಎಂದು ಬರೆದಿದ್ದರೆ ಮನಸ್ಸು 70 ಎಂದು ಕೂಡಿಸಿಕೊಳ್ಳುತ್ತದೆ. ನಿಜದಲ್ಲಿ ಸಾವಿರ ರೂಪಾಯಿಯ ಸೀರೆ ಮೊದಲು 500 ಆಗುತ್ತದೆ. ಆ ಐನೂರರಲ್ಲಿ ಶೇಕಡ 20, ಅಂದರೆ 100 ಕಳೆಯುತ್ತದೆ. ಕೊಡಬೇಕಾದದ್ದು 400, ರಿಯಾಯಿತಿ 60 ಮಾತ್ರ. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರನೆಯ ಒಂದು ಪಾಲು ರಿಯಾಯಿತಿ, ಅದೂ ಮೂರು ಬೇಕಾಗಿದ್ದವರಿಗೆ. ಒಂದೇ ಬೇಕಾಗಿದ್ದವನಿಗೆ ಅದು ರಿಯಾಯಿತಿಯಲ್ಲ, ಖರ್ಚು. ಇನ್ನು ಗೀಟೆಳೆದ ಬೆಲೆಯ ಮಾತು. 1600 ಎಂದು ಬರೆದು, ಅದರ ಮೇಲೊಂದು ಗೀಟು ಹಾಕಿ, ಶೇಕಡ 40 ಕಳೆದು 960 ಎಂದು ಕೆಂಪು ಮಸಿಯಲ್ಲಿ ಬರೆಯುತ್ತಾರೆ. ಆ ಸೀರೆ 1600 ರೂಪಾಯಿಗೆ ಯಾವತ್ತಾದರೂ ಮಾರಾಟವಾಗಿತ್ತೇ ಎಂಬ ಪ್ರಶ್ನೆಗೆ ಚೀಟಿಯಲ್ಲಿ ಉತ್ತರವಿಲ್ಲ. ಕಳೆದ ತಿಂಗಳು ಅದರ ಬೆಲೆ ಸಾವಿರವಿದ್ದರೆ, ಇಷ್ಟೆಲ್ಲ ಸಡಗರದ ಫಲ 40 ರೂಪಾಯಿ!

ಇಂಥ ಆಮಿಷದ ಜಾಹೀರಾತುಗಳನ್ನು ಕಾನೂನು ಕಾಣದೆ ಬಿಟ್ಟಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಗಳು, ಕಡಮೆ ಬೆಲೆಯ ಆಸೆ ತೋರಿಸಿ ಗಿರಾಕಿಯನ್ನು ಕರೆತರುವ ಜಾಹೀರಾತುಗಳಿಗೆ ನಿಬಂಧನೆಗಳನ್ನು ವಿಧಿಸಿವೆ. ಆದರೆ ಆಷಾಢದ ಮಳೆಯಲ್ಲಿ ಛತ್ರಿ ಹಿಡಿದು ಮಕ್ಕಳೊಡನೆ ಅಂಗಡಿಗೆ ಬಂದುಬಿಟ್ಟ ಸಂಸಾರ, ಬಂದ ದಾರಿಗೆ ಸುಂಕವಿಲ್ಲವೆಂದು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಜಾಹೀರಾತು ಬರೆದವನಿಗೆ ಗೊತ್ತಿರುವುದೂ ಅಷ್ಟೇ.

ಪೊಟ್ಟಣದ ಮೇಲಿನ ಗರಿಷ್ಠ

ಮುಚ್ಚಿದ ಪೊಟ್ಟಣಗಳ ವಿಷಯದಲ್ಲಿ ನಮ್ಮ ದೇಶದ ಗ್ರಾಹಕನಿಗೆ ಒಂದು ದೊಡ್ಡ ಆಸರೆಯುಂಟು. ಅದೇ ಎಂ.ಆರ್.ಪಿ., ಅಂದರೆ ಗರಿಷ್ಠ ಚಿಲ್ಲರೆ ಬೆಲೆ. 1977ರ ನಿಯಮಗಳ ಕಾಲದಲ್ಲಿ ತಯಾರಕರು ‘ಸ್ಥಳೀಯ ತೆರಿಗೆಗಳು ಪ್ರತ್ಯೇಕ’ ಎಂದು ಬರೆದು ಬೆಲೆ ಮುದ್ರಿಸುವುದಕ್ಕೆ ಅವಕಾಶವಿತ್ತು. ತೆರಿಗೆ ಎಷ್ಟೆಂಬುದನ್ನು ಅಂಗಡಿಯವನು ಹೇಳಬೇಕು, ಗಿರಾಕಿ ನಂಬಬೇಕು. 1990ರ ತಿದ್ದುಪಡಿ ಈ ಬಾಗಿಲನ್ನು ಮುಚ್ಚಿತು. ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನೇ ಮುದ್ರಿಸಬೇಕೆಂದಾಯಿತು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವೂ ಅದರ ಅಡಿಯಲ್ಲಿ 2011ರಲ್ಲಿ ರಚಿತವಾದ ನಿಯಮಗಳೂ ಅದನ್ನೇ ಮುಂದುವರಿಸಿವೆ. ಮುದ್ರಿತ ಬೆಲೆಯನ್ನು ಅಳಿಸುವುದು, ತಿದ್ದುವುದು ಅಪರಾಧ. ಬೆಲೆಯನ್ನು ಇಳಿಸುವುದಕ್ಕಾಗಿ ಬೇರೆ ಚೀಟಿ ಅಂಟಿಸಬಹುದು. ಆಗಲೂ ಮೊದಲಿನ ಬೆಲೆ ಮುಚ್ಚಿಹೋಗಬಾರದು.

ಈ ‘ಗರಿಷ್ಠ’ ಎಂಬ ಮಾತನ್ನು ಮಾತ್ರ ಬಹುಮಂದಿ ಮರೆತಿದ್ದಾರೆ. ಇದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬುದು ಅದರ ಅರ್ಥವೇ ಹೊರತು, ಇಷ್ಟನ್ನೇ ತೆಗೆದುಕೊಳ್ಳಬೇಕೆಂದಲ್ಲ. ಬಸ್ಸು ನಿಲ್ದಾಣದಲ್ಲಿ ನೀರಿನ ಸೀಸೆಗೆ ‘ತಂಪು ಮಾಡಿದ ಖರ್ಚು’ ಎಂದು ಎರಡು ರೂಪಾಯಿ ಹೆಚ್ಚು ಕೇಳುವವನಿಗೆ ಕಾನೂನಿನ ಬೆಂಬಲವಿಲ್ಲ. ಹೋಟೆಲಿನಲ್ಲಿ ಕುಳಿತು ಕುಡಿಯುವ ಸೀಸೆಯ ಮಾತು ಬೇರೆ. ಅಲ್ಲಿ ನೀರಿನ ಜೊತೆಗೆ ಕುರ್ಚಿ, ಮೇಜು, ಉಪಚಾರಗಳೂ ಸೇರುವುದರಿಂದ ಹೋಟೆಲುಗಳು ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ.

ಬೆಲೆ ಪೊಟ್ಟಣದ ಮೇಲಿರುವುದು ನಿಜ. ಎಲ್ಲಿರುತ್ತದೆ ಎಂಬುದೇ ಕಷ್ಟ. ಚಿತ್ರನಟಿಯ ನಗೆಗೆ ಅಂಗೈಯಗಲ ಜಾಗವಿದ್ದರೆ, ಬೆಲೆಗೆ ಪೊಟ್ಟಣದ ಮಡಿಕೆಯ ಸಂದು. ನೇರಳೆ ಬಣ್ಣದ ಮೇಲೆ ಕಪ್ಪು ಮಸಿ. ಅದೂ ಕೈ ತಗುಲಿದರೆ ಅಳಿಸುವಂಥದು. ಅರವತ್ತು ದಾಟಿದ ಕಣ್ಣುಗಳು ಸೀಸೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬಗ್ಗಿಸಿ, ಕೊನೆಗೆ ಪಕ್ಕದಲ್ಲಿದ್ದ ಹುಡುಗನ ಕೈಗೆ ಕೊಟ್ಟು “ಇದೆಷ್ಟಪ್ಪ?” ಎಂದು ಕೇಳುವುದು ದಿನವೂ ಕಾಣುವ ನೋಟ.

ಬೆಲೆಯನ್ನು ಏರಿಸದೆ ಏರಿಸುವ ವಿದ್ಯೆಯೂ ಒಂದುಂಟು. ಐದು ರೂಪಾಯಿಯ ಪೊಟ್ಟಣ ವರ್ಷವರ್ಷವೂ ಐದು ರೂಪಾಯಿಗೇ ಸಿಗುತ್ತದೆ. ಒಳಗಿನ ತೂಕ ಮಾತ್ರ ಹುಣ್ಣಿಮೆಯ ನಂತರದ ಚಂದ್ರನಂತೆ ಕರಗುತ್ತ ಹೋಗುತ್ತದೆ. ‘ಕುಟುಂಬದ ಪೊಟ್ಟಣ’ವೆಂಬ ದೊಡ್ಡ ಪೊಟ್ಟಣ ಅಗ್ಗವೆಂದು ನಂಬುವುದೂ ಯಾವಾಗಲೂ ಸರಿಯಲ್ಲ. 100 ಗ್ರಾಂಗೆ 10 ರೂಪಾಯಿಯ ಸಣ್ಣ ಪೊಟ್ಟಣವಿದ್ದು, 450 ಗ್ರಾಂನ ದೊಡ್ಡ ಪೊಟ್ಟಣಕ್ಕೆ 48 ರೂಪಾಯಿಯಿದ್ದರೆ, ದೊಡ್ಡದರಲ್ಲಿ 100 ಗ್ರಾಂಗೆ ಹತ್ತೂವರೆ ರೂಪಾಯಿಗಿಂತ ಹೆಚ್ಚು ತೆತ್ತಂತಾಗುತ್ತದೆ. ಇದಕ್ಕೆ ಮದ್ದಾಗಿ, 2021ರ ತಿದ್ದುಪಡಿಯಿಂದ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಬೀಳುವ ಬೆಲೆಯನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ವಿಧಿಸಲಾಗಿದೆ. ಕಾಸಿಗೆ ತಕ್ಕ ಕಜ್ಜಾಯವೇ ಎಂದು ನೋಡುವವರು ಓದಬೇಕಾದ ಅಂಕಿ ಅದು. ಎಷ್ಟೋ ಮಂದಿಗೆ ಅಂಥದೊಂದು ಅಂಕಿ ಇದೆಯೆಂಬುದೇ ತಿಳಿಯದು.

ಕೊನೆಯ ಗಳಿಗೆಯ ಕೂಡುವಿಕೆ

ತರಕಾರಿಯ ಗಾಡಿಯ ಮೇಲೆ ಸ್ಲೇಟಿನಲ್ಲಿ ‘30’ ಎಂದು ದೊಡ್ಡದಾಗಿ ಬರೆದಿರುತ್ತದೆ. ಚೀಲ ತುಂಬಿಸಿಕೊಂಡ ಮೇಲೆ ಗೊತ್ತಾಗುತ್ತದೆ, ಅದು ಅರ್ಧ ಕಿಲೋದ ಬೆಲೆ. ‘ಅರ್ಧ’ ಎಂಬ ಗುರುತು ಕೊತ್ತಂಬರಿ ಸೊಪ್ಪಿನ ಮರೆಯಲ್ಲಿತ್ತು! ಗಾಡಿಯವನ ಈ ಪುಟ್ಟ ಜಾಣತನಕ್ಕೆ ನಗಬಹುದು. ಆದರೆ ಹವಾನಿಯಂತ್ರಿತ ಭವನಗಳಲ್ಲಿಯೂ ನಡೆಯುವುದು ಇದೇ ಆಟ. ಸೊಪ್ಪಿನ ಬದಲು ಅಲ್ಲಿ ಬೇರೆ ಮರೆಗಳಿವೆ.

ಆಭರಣದ ಅಂಗಡಿಯ ಜಾಹೀರಾತಿನಲ್ಲಿ ಚಿನ್ನದ ಗ್ರಾಂ ಬೆಲೆ ದಿನವೂ ಪ್ರಕಟವಾಗುತ್ತದೆ. ಮಗಳ ಮದುವೆಗೆ ಸರ ಮಾಡಿಸಲು ಹೊರಟ ತಂದೆ, ಆ ಬೆಲೆಯನ್ನು ಗ್ರಾಂಗಳಿಂದ ಗುಣಿಸಿ ಹಣ ಹೊಂದಿಸಿಕೊಂಡು ಹೋಗುತ್ತಾನೆ. ಅಲ್ಲಿ ಮಜೂರಿ, ಸವಕಳಿ, ಕಲ್ಲಿನ ಬೆಲೆ, ಇವೆಲ್ಲದರ ಮೇಲೆ ಶೇಕಡ 3ರ ಜಿ.ಎಸ್.ಟಿ.—ಒಂದರ ಹಿಂದೊಂದು ಮದುವೆಯ ದಿಬ್ಬಣದಂತೆ ಬರುತ್ತವೆ. ಚಿನ್ನದ ಬೆಲೆ ಸುಳ್ಳಲ್ಲ. ಸರದ ಬೆಲೆ ಮಾತ್ರ ಜಾಹೀರಾತಿನಲ್ಲಿ ಇರಲೇ ಇಲ್ಲ.

ಉಪಾಹಾರ ಗೃಹದ ಪಟ್ಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಸೇವಾಶುಲ್ಕವೆಂಬುದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲುಗಳ ಸಂಘಗಳು ಇದನ್ನು ಪ್ರಶ್ನಿಸಿದವು. 2025ರ ಮಾರ್ಚ್ 28ರಂದು ದೆಹಲಿಯ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕೈಚೀಲದ ವಿಷಯವಾಗಿಯೂ ರಾಷ್ಟ್ರೀಯ ಗ್ರಾಹಕ ಆಯೋಗವು 2020ರ ಡಿಸೆಂಬರಿನಲ್ಲಿ ಸ್ಪಷ್ಟವಾದ ಮಾತನ್ನಾಡಿದೆ. ಮುಂಚಿತವಾಗಿ ಕಾಣುವಂತೆ ತಿಳಿಸದೆ, ಹಣ ತೆರುವ ಮೇಜಿನ ಬಳಿ ಚೀಲದ ಬೆಲೆಯನ್ನು ಸೇರಿಸುವುದು ಅನುಚಿತ ವ್ಯಾಪಾರವೆಂದು ಅದರ ಅಭಿಪ್ರಾಯ. ಅಂತರ್ಜಾಲದ ಅಂಗಡಿಗಳಲ್ಲಿ ಮೊದಲು ಕಡಮೆ ಬೆಲೆ ತೋರಿಸಿ, ಹಣ ಕಟ್ಟುವ ಗಳಿಗೆಯಲ್ಲಿ ಹನಿಹನಿಯಾಗಿ ಶುಲ್ಕ ಸೇರಿಸುವ ಕ್ರಮವನ್ನು 2023ರ ನವೆಂಬರ್ 30ರ ಮಾರ್ಗಸೂಚಿಗಳು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿವೆ.

ಈ ಎಲ್ಲ ಉದಾಹರಣೆಗಳಲ್ಲಿಯೂ ಗಮನಿಸಬೇಕಾದ ಸಂಗತಿ ಒಂದೇ. ಪೂರ್ಣ ಬೆಲೆ ಗಿರಾಕಿಗೆ ತಿಳಿಯುವುದು ಅವನು ಹಿಂದೆಗೆಯಲಾರದ ಗಳಿಗೆಯಲ್ಲಿ: ಊಟ ಮುಗಿದ ಮೇಲೆ, ಸರ ಕೊರಳಿಗೆ ಹಾಕಿ ನೋಡಿದ ಮೇಲೆ, ಹಿಂದೆ ಏಳೆಂಟು ಮಂದಿಯ ಸಾಲು ಬೆಳೆದ ಮೇಲೆ. ಹತ್ತು ಜನರ ಮುಂದೆ “ಬೇಡ” ಎನ್ನಲು ಬೇಕಾಗುವ ಧೈರ್ಯ ಎಲ್ಲರಿಗೂ ಇರುವುದಿಲ್ಲವೆಂಬುದೇ ಈ ವ್ಯಾಪಾರದ ಬಂಡವಾಳ.

ಕಪ್ಪು ಹಲಗೆಯ ಮರ್ಯಾದೆ

ವರ್ತಕರೆಲ್ಲರೂ ಹೀಗೆಂದು ಹೇಳುವುದು ನ್ಯಾಯವಲ್ಲ. ಅವರ ಕಷ್ಟವೂ ಇದೆ. ಈರುಳ್ಳಿಯ ಬೆಲೆ ಬೆಳಗ್ಗೆ ಒಂದು, ಸಂಜೆಗೆ ಇನ್ನೊಂದು; ಸಾವಿರ ವಸ್ತುಗಳ ಸಾವಿರ ಚೀಟಿಗಳನ್ನು ಬದಲಾಯಿಸಲು ಇರುವವರು ಇಬ್ಬರು ಹುಡುಗರು; ಮಾಲೀಕನು ಮರೆತದ್ದೆಲ್ಲ ಮೋಸವಲ್ಲ. ಬೀದಿಯ ಕೊನೆಯ ದಿನಸಿ ಅಂಗಡಿಯವನ ಹತ್ತಿರ ಚೀಟಿಯೇ ಇರದಿರಬಹುದು. ಆದರೆ ಅವನು ಮೊದಲು ಬೆಲೆ ಹೇಳಿ ಆಮೇಲೆ ತಕ್ಕಡಿ ಎತ್ತುತ್ತಾನೆ. ಗಿರಾಕಿಯ ಕೈಯಲ್ಲಿ ಹಣ ಕಡಮೆಯಿದ್ದರೆ “ನಾಳೆ ಕೊಡಿ ಅಮ್ಮ” ಎನ್ನುತ್ತಾನೆ—ತಲೆಯ ಮೇಲೆ ‘ಇಂದು ನಗದು, ನಾಳೆ ಸಾಲ’ ಎಂಬ ಹಲಗೆ ತೂಗುತ್ತಿದ್ದರೂ!

ಬೆಲೆಯನ್ನು ಮರ್ಯಾದೆಯಿಂದ ಹೇಳುವುದು ಸಾಧ್ಯವೆಂಬುದಕ್ಕೆ ನಮ್ಮ ಊರುಗಳಲ್ಲಿಯೇ ಸಾಕ್ಷಿಗಳಿವೆ. 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಬೆಳೆದ ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ದಿನದ ಬೆಲೆಗಳನ್ನು ಹಲಗೆಯ ಮೇಲೆ ಬರೆದಿಡುವ ವಾಡಿಕೆಯಿದೆ. ಬದನೆಕಾಯಿ ಕಿಲೋಗೆ ಎಷ್ಟು, ಬಾಳೆಹಣ್ಣು ಎಷ್ಟು ಎಂಬುದನ್ನು ಗಿರಾಕಿ ರಸ್ತೆಯಲ್ಲಿ ನಿಂತೇ ಓದಿಕೊಂಡು, ಬೇಕಾದರೆ ಒಳಗೆ ಬರಬಹುದು, ಬೇಡವಾದರೆ ಮುಂದೆ ಹೋಗಬಹುದು.

ಬೆಂಗಳೂರಿನಲ್ಲಿ 1980ರ ದಶಕದಿಂದ ಹಬ್ಬಿದ ದರ್ಶಿನಿಗಳನ್ನು ನೋಡಿ. ಗಲ್ಲೆಯ ಮೇಲ್ಗಡೆ ದೊಡ್ಡ ಅಕ್ಷರಗಳಲ್ಲಿ ಇಡ್ಲಿ ಇಷ್ಟು, ವಡೆ ಇಷ್ಟು, ಕಾಫಿ ಇಷ್ಟು. ಮೊದಲು ಹಣ, ಆಮೇಲೆ ಚೀಟಿ, ಆಮೇಲೆ ತಿಂಡಿ. ಜೇಬಿನಲ್ಲಿ ನಲವತ್ತು ರೂಪಾಯಿಯಿಟ್ಟುಕೊಂಡು ಬಂದ ವಿದ್ಯಾರ್ಥಿ ತಲೆಯೆತ್ತಿ ಹಲಗೆ ನೋಡಿ, ತನ್ನ ಹಸಿವಿಗೂ ಜೇಬಿಗೂ ಒಪ್ಪಂದ ಮಾಡಿಸಿಕೊಂಡು, ಸಾಲಿನಲ್ಲಿ ನಿಲ್ಲುತ್ತಾನೆ. ಅವನ ಪಕ್ಕದಲ್ಲಿ ಕಾರಿನಿಂದಿಳಿದು ಬಂದವರೂ ಅದೇ ಹಲಗೆಯನ್ನು ಓದುತ್ತಿರುತ್ತಾರೆ. ಯಾರ ಜೇಬಿನಲ್ಲಿ ಎಷ್ಟಿದೆ ಎಂಬುದು ಇನ್ನೊಬ್ಬರಿಗೆ ತಿಳಿಯುವ ಪ್ರಸಂಗವೇ ಇಲ್ಲ. ಕಾಫಿ ರುಚಿಯಾಗಿದೆಯೋ ಇಲ್ಲವೋ, ಆ ಹಲಗೆ ಮಾತ್ರ ಪ್ರತಿಯೊಬ್ಬನ ಮಾನವನ್ನೂ ಕಾಪಾಡುತ್ತದೆ.

ಸ್ಪಷ್ಟವಾಗಿ ಬರೆದ ಬೆಲೆಯಿಂದ ಶ್ರೀಮಂತನಿಗೆ ಹೆಚ್ಚಿನ ಲಾಭವೇನೂ ಇಲ್ಲ. 480 ಆದರೂ ಅವನು ಕೊಡುತ್ತಾನೆ, 522 ಆದರೂ ಕೊಡುತ್ತಾನೆ. ಬಿಲ್ಲನ್ನು ಓದುವುದೂ ಇಲ್ಲ. ಅದರ ಅಗತ್ಯವಿರುವುದು ಎಣಿಸಿ ತಂದ ಹಣದವರಿಗೆ: ನಿವೃತ್ತಿ ವೇತನದ ಮುದುಕರಿಗೆ, ತಿಂಗಳ ಕೊನೆಯ ಗೃಹಿಣಿಗೆ, ಮೊದಲ ಸಲ ಒಂಟಿಯಾಗಿ ಅಂಗಡಿಗೆ ಬಂದ ಶಾಲೆಯ ಹುಡುಗಿಗೆ. ನಕ್ಷತ್ರದ ಗುರುತೂ ‘ವರೆಗೆ’ ಎಂಬ ಅಕ್ಕಿಕಾಳೂ ಅವರಿಂದ ಕಸಿದುಕೊಳ್ಳುವುದು ನಲವತ್ತೆರಡು ರೂಪಾಯಿಯನ್ನಷ್ಟೇ ಅಲ್ಲ.

ಕೇಳುವುದರಲ್ಲಿ ನಾಚಿಕೆಯಿಲ್ಲ

ಇದಕ್ಕೆ ಪರಿಹಾರವೇನೆಂದು ಓದುಗರು ಕೇಳಬಹುದು. ಮುದ್ರಿತ ಬೆಲೆಗಿಂತ ಹೆಚ್ಚು ಪಡೆದ ಅಂಗಡಿಯ ಮೇಲೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಕರೆ ಮಾಡಬಹುದು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಗ್ರಾಹಕನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಸಲ್ಲಿಸುವ ಅನುಕೂಲವಿದೆ. ಬಿಲ್ಲನ್ನು ಕೇಳಿ ಪಡೆದು ಇಟ್ಟುಕೊಳ್ಳುವುದು ಇವೆಲ್ಲಕ್ಕೂ ಮೊದಲ ಮೆಟ್ಟಿಲು.

ಆದರೆ ಹತ್ತು ರೂಪಾಯಿಯ ಚೀಲಕ್ಕಾಗಿ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಅದಕ್ಕಿಂತ ಹತ್ತಿರದ ಮದ್ದು ಇನ್ನೊಂದಿದೆ. ಹಣವಿದ್ದವರು ಬಿಲ್ಲು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಐನೂರರ ಹತ್ತು ನೋಟುಗಳನ್ನು ಕೈಯಲ್ಲಿ ಹಿಡಿದಿರುವವರು “ಕಪಾಟಿನಲ್ಲಿ ಬೇರೆ ಬೆಲೆ ಇದೆಯಲ್ಲ?” ಎಂದು ಕೇಳಿದರೆ ಅದು ವಿಚಾರಣೆ, ಒಂದೇ ನೋಟು ಹಿಡಿದವರು ಕೇಳಿದರೆ ಅದು ಬಡತನವೆಂದು ಕಾಣುತ್ತದೆ. ಕೇಳಬಲ್ಲವರು ಕೇಳುತ್ತ ಬಂದರೆ, ಕೇಳಲಾರದವರಿಗಾಗಿ ಚೀಟಿಗಳು ತಾವಾಗಿಯೇ ಸರಿಯಾದಾವು. ಸಾಲಿನಲ್ಲಿ ಹಿಂದೆ ನಿಂತಿರುವವರೂ ಗಡಿಯಾರ ನೋಡುವುದಕ್ಕೆ ಬದಲಾಗಿ, “ಆಕೆ ಹೇಳುತ್ತಿರುವುದು ಸರಿ, ನಾನೂ ಆ ಚೀಟಿ ನೋಡಿದೆ” ಎಂದು ಒಂದು ಮಾತು ಸೇರಿಸಬಹುದು. ಅದಕ್ಕೆ ತೆರಿಗೆಯಿಲ್ಲ.

ಆ ದಿನ ಮೇಜಿನ ಅಂಚಿನಲ್ಲಿ ಉಳಿದ ಬಿಸ್ಕತ್ತಿನ ಪೊಟ್ಟಣವನ್ನು ಕೆಲಸದ ಹುಡುಗನೊಬ್ಬ ಎತ್ತಿಕೊಂಡು ಹೋಗಿ ಅದರ ಸ್ಥಾನದಲ್ಲಿಟ್ಟಿರಬಹುದು. ಕಪಾಟಿನಲ್ಲಿ ಎಣ್ಣೆಯ ಸಾಲಿನ ಮುಂದೆ ಕಳೆದ ವಾರದ ಚೀಟಿ ಹಾಗೆಯೇ ಇದ್ದಿರಬಹುದು. ಅದನ್ನು ಬದಲಾಯಿಸಲು ಬೇಕಾದದ್ದು ಒಂದು ತುಂಡು ಕಾಗದ, ಅರ್ಧ ನಿಮಿಷದ ಕೆಲಸ. ಮನೆಗೆ ಹೋದ ಗೃಹಿಣಿ ಮಗುವಿಗೆ ಏನೆಂದು ಹೇಳಿದಳೋ, ಅದು ಯಾವ ಬಿಲ್ಲಿನಲ್ಲಿಯೂ ಬರೆದಿಲ್ಲ.